ಮಳೆಗಾಲದಲ್ಲಿ ಪೆಲೆಟ್ ಮೆತ್ತಗಾಗದ ಹಾಗೆ ಇಡೋದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಬಂದವರಿಗೆ ಕೋಳಿ, ಮೀನು, ಪನೀರ್ ಹೊಗೆಯಲ್ಲಿ ಬೇಯಿಸಿ ಕೊಡೋಣ ಅಂತ ಪೆಲೆಟ್ ಸ್ಮೋಕರ್ ತಂದೆವು, ಅಂದರೆ ಮರದ ಪುಡಿ ಒತ್ತಿ ಮಾಡಿದ ಸಣ್ಣ ಕಡ್ಡಿಗಳನ್ನು (ಪೆಲೆಟ್) ಉರಿಸಿ ಆ ಹೊಗೆಯಲ್ಲಿ ಬೇಯಿಸುವ ಕರೆಂಟಿನ ಮೆಷಿನ್. ಬೇಸಿಗೆಯಲ್ಲಿ ಚೆನ್ನಾಗೇ ನಡೆಯಿತು. ಮಳೆ ಹಿಡಿದ ಮೇಲೆ ಪೆಲೆಟ್ ಮೆತ್ತಗಾಗಿ ಪುಡಿಯಾಗುತ್ತಿದೆ, ಮೆಷಿನ್ ನಡುವೆಯೇ ನಿಲ್ಲುತ್ತಿದೆ. ಚೀಲಕ್ಕೆ ಒಂದು ಹನಿ ನೀರು ಬಿದ್ದಿಲ್ಲ, ಒಳಗಿನ ಕೋಣೆಯಲ್ಲೇ ಇದೆ. ಅಟ್ಟಕ್ಕೆ ಹಾಕಲಾ? ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿದರೆ ಸಾಕಾ?

ಉತ್ತರ: ನೀರು ಬೀಳಬೇಕಾಗಿಯೇ ಇಲ್ಲ, ನಿಮ್ಮ ಕಡೆಯ ಗಾಳಿಯೇ ಸಾಕು. ಒಣಗಿದ ಮರದ ಪುಡಿಯನ್ನು ಸಣ್ಣ ತೂತುಗಳ ಮೂಲಕ ಭಾರೀ ಒತ್ತಡದಲ್ಲಿ ತಳ್ಳಿ ಪೆಲೆಟ್ ಮಾಡುತ್ತಾರೆ. ಆಗ ಹುಟ್ಟುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಅನ್ನುವ ಅಂಟಿನಂಥ ಅಂಶ ಮೆತ್ತಗಾಗಿ, ಆರಿದಾಗ ಗಟ್ಟಿಯಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಪೆಲೆಟ್‌ನಲ್ಲಿ ನೀರಿನಂಶ ಶೇ 10ಕ್ಕಿಂತ ಕಡಿಮೆ. ಗಾಳಿಯ ತೇವಾಂಶ ಶೇ 90 ಇರುವ ಕಡೆ ಮರವನ್ನು ತೆರೆದಿಟ್ಟರೆ ಅದು ನೀರು ಎಳೆದುಕೊಳ್ಳುತ್ತಾ ಶೇ 20ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಜುಲೈನಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುವ ಸೀಮೆ ಅದು, ಪೆಲೆಟ್ ಮಾತ್ರ ಗರಿಗರಿಯಾಗಿ ಇರುತ್ತಾ?

ಚೀಲವನ್ನು ನಂಬಬೇಡಿ. ಎಷ್ಟೋ ಚೀಲಗಳಲ್ಲಿ ಗಾಳಿ ಹೋಗಲಿ ಅಂತ ಸೂಜಿಯಷ್ಟು ಸಣ್ಣ ತೂತು ಬಿಟ್ಟಿರುತ್ತಾರೆ. ಬಾಯಿ ಒಡೆದ ಮೇಲಂತೂ ರಬ್ಬರ್‌ಬ್ಯಾಂಡ್ ಹಾಕಿ ಮಡಚಿಟ್ಟರೂ ಒಂದೇ, ಬಿಟ್ಟರೂ ಒಂದೇ. ಮುಚ್ಚಳಕ್ಕೆ ರಬ್ಬರ್ ರಿಂಗ್ ಇರುವ ಪ್ಲಾಸ್ಟಿಕ್ ಡ್ರಮ್ ತನ್ನಿ. 20 ಕೆ.ಜಿ. ಪೆಲೆಟ್ ಸುಮಾರು 30 ಲೀಟರ್ ಜಾಗ ಹಿಡಿಯುತ್ತದೆ, ಹಾಗಾಗಿ 35-40 ಲೀಟರಿನ ಡ್ರಮ್ ಸರಿಹೋಗುತ್ತದೆ. ಹಳೇ ಪೇಂಟ್ ಬಕೆಟ್ ಬೇಡ, ಗೊಬ್ಬರ, ಔಷಧಿ ತುಂಬಿದ್ದಂತೂ ಬೇಡವೇ ಬೇಡ, ಅದರ ಹೊಗೆ ಹೋಗೋದು ಊಟದ ತಟ್ಟೆಗೆ. ಡ್ರಮ್ಮನ್ನು ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡದೆ ಎರಡು ರೀಪಿನ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ.

ಇನ್ನು ಸಿಲಿಕಾ ಜೆಲ್. ಅದು ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿಯಬಲ್ಲದು, ಅಷ್ಟೇ. ಆದರೆ ಈ ಲೆಕ್ಕ ನೋಡಿ. 40 ಲೀಟರ್ ಡ್ರಮ್ಮಿನಷ್ಟು ಗಾಳಿಯಲ್ಲಿ ಜಡಿಮಳೆಯ ದಿನವೂ ಇರುವ ನೀರು ಒಂದು ಗ್ರಾಂ ಸುಮಾರು. ಅಂದರೆ ಮುಚ್ಚಳ ತೆಗೆದು ಬೇಕಾದಷ್ಟು ತೋಡಿಕೊಂಡು ಮುಚ್ಚಿದರೆ ಏನೂ ಹಾಳಾಗಲ್ಲ. ಹಾಳಾಗೋದು ಮುಚ್ಚಳ ಸಡಿಲ ಇದ್ದಾಗ, ಆಗ ಗಾಳಿ ಹಗಲೂ ರಾತ್ರಿ ಒಳಗೆ ಬರುತ್ತಲೇ ಇರುತ್ತದೆ, ಜೆಲ್ ಪೊಟ್ಟಣ ನಾಲ್ಕು ದಿನಕ್ಕೆ ಸೋತು ಕೂರುತ್ತದೆ. ಹಾಕಲೇಬೇಕು ಅನ್ನಿಸಿದರೆ ಹಾಕಿ, ನೀಲಿ ಹರಳಿನದ್ದು ಬೇಡ. ಅದರ ಬಣ್ಣ ಕೋಬಾಲ್ಟ್ ಕ್ಲೋರೈಡಿನದ್ದು, ವಿಷ. ಹಾಗೆಯೇ ತೇವ ಎಳೆಯಲಿ ಅಂತ ಸುಟ್ಟ ಸುಣ್ಣ ಇಡುವವರೂ ಇದ್ದಾರೆ, ನೀರು ತಾಗಿದರೆ ಅದು ಕಾದು ಕೊತಕೊತ ಅನ್ನುತ್ತದೆ, ಸೌದೆ ಪುಡಿಯ ಪಕ್ಕ ಅದಕ್ಕೇನು ಕೆಲಸ?

ಅಟ್ಟದ ವಿಷಯ. ಕೆಳಗೆ ಸೌದೆ ಒಲೆ ದಿನಾ ಉರಿಯುವ ಮನೆಯಾದರೆ ಅಟ್ಟ ಒಣ ಜಾಗವೇ. ಈಗ ಬಹಳ ಮನೆಗಳಲ್ಲಿ ಕೆಳಗಿರೋದು ಗ್ಯಾಸ್, ಅನ್ನದ ಹಬೆಯೆಲ್ಲ ಮೇಲಕ್ಕೇ ಹೋಗುತ್ತದೆ. ಎಲ್ಲಿಟ್ಟರೂ ಡ್ರಮ್ಮಿನಲ್ಲಿ ಮುಚ್ಚಿಡಿ, ಒಲೆಯ ಕಿಡಿ ಹಾರದಷ್ಟು ದೂರದಲ್ಲಿಡಿ.

ಆದರೂ ನನ್ನ ಅನುಮಾನ ನಿಮ್ಮ ಹಾಪರ್ ಮೇಲೆ, ಅಂದರೆ ಮೆಷಿನ್ನಿನಲ್ಲಿ ಪೆಲೆಟ್ ತುಂಬುವ ಡಬ್ಬದ ಮೇಲೆ. ಶನಿವಾರ ಅಡುಗೆ ಮುಗಿಸಿ ಉಳಿದ ಪೆಲೆಟ್ ಅದರಲ್ಲೇ ಬಿಟ್ಟು ಮುಂದಿನ ಶನಿವಾರ ಮತ್ತೆ ಹಚ್ಚುತ್ತೀರಿ, ಅಲ್ವಾ? ಹಾಪರ್ ಮುಚ್ಚಳ ಗಾಳಿ ತಡೆಯಲ್ಲ. ಕೆಳಗೆ ಪೆಲೆಟ್ ತಳ್ಳುವ ತಿರುಪು ಇರುತ್ತದಲ್ಲ, ಆ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದು ಉಬ್ಬಿ, ಪುಡಿಯಾಗಿ, ಒಣಗಿದಾಗ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಮೋಟರ್ ಗುಂಯ್ ಅನ್ನುತ್ತದೆ, ತಿರುಪು ತಿರುಗಲ್ಲ. ಮಳೆಗಾಲದಲ್ಲಿ ಪ್ರತಿ ಸಲ ಹಾಪರ್ ಖಾಲಿ ಮಾಡಿ, ತಿರುಪಿನಲ್ಲಿ ಉಳಿದಿದ್ದು ಉರಿದು ಹೋಗುವ ತನಕ ಓಡಿಸಿ, ಮೆಷಿನ್ ಕೈಪಿಡಿಯಲ್ಲಿ ಹೇಳಿದ ಹಾಗೆ ಆರಿಸಿ.

ಪರೀಕ್ಷೆ ಸುಲಭ. ಒಂದು ಪೆಲೆಟ್ ಮುರಿಯಿರಿ. ಟಕ್ ಅಂತ ಮುರಿದು ಮೈ ಹೊಳೆಯುತ್ತಿದ್ದರೆ ಚೆನ್ನಾಗಿದೆ. ಬೆರಳಲ್ಲೇ ಹುಡಿಯಾದರೆ ಹೋಯ್ತು. ಹೊಸ ಚೀಲ ಒಡೆದ ದಿನ 100 ಗ್ರಾಂ ತೂಗಿ ಬಟ್ಟೆ ಚೀಲದಲ್ಲಿ ಕಟ್ಟಿ ಡ್ರಮ್ಮಿನೊಳಗೇ ಇಟ್ಟುಬಿಡಿ, ಆಗಾಗ ಅಡುಗೆಮನೆ ತಕ್ಕಡಿಯಲ್ಲಿ ಪೆಲೆಟ್ ಮಾತ್ರ ತೂಗಿ. 104 ಗ್ರಾಂ ದಾಟಿದರೆ ಮುಚ್ಚಳದ ರಿಂಗ್ ನೋಡಿ.

ಪ್ರಶ್ನೆ: ಆಗಲೇ ಮೆತ್ತಗಾಗಿದ್ದನ್ನು ಒಣಗಿಸಿ ಬಳಸಬಹುದಾ? (ಸಾಗರದಿಂದ)

ಉತ್ತರ: ಆಕಾರ ಉಳಿದಿದ್ದರೆ ಬಳಸಬಹುದು. ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್ 100 ಡಿಗ್ರಿ ದಾಟದ ಹಾಗೆ ಇಟ್ಟು ಎದುರಿಗೇ ನಿಂತು ನೋಡಿಕೊಳ್ಳಿ. ಮೈಕ್ರೋವೇವ್‌ನಲ್ಲಿ ಒಳಗಿಂದೊಳಗೇ ಕರಕಲಾಗಬಹುದು. ಉಬ್ಬಿ ಪುಡಿಯಾಗಿದ್ದು ಒಣಗಿದರೂ ಮತ್ತೆ ಕಡ್ಡಿಯಾಗಲ್ಲ, ಬಚ್ಚಲೊಲೆಗೆ ಹಾಕಿ. ಬೂಸ್ಟು ಹಿಡಿದಿದ್ದರೆ ಅಡುಗೆಗೆ ಬೇಡ. ಅರೆತೇವದ ಪೆಲೆಟ್ ದಟ್ಟ ಬಿಳಿ ಹೊಗೆ ಬಿಡುತ್ತದೆ, ಕೋಳಿ ಕಹಿ ಹೊಡೆಯುತ್ತದೆ, ಎಷ್ಟು ಮಸಾಲೆ ಹಾಕಿದರೂ ಅದು ಮುಚ್ಚಲ್ಲ.

ಪ್ರಶ್ನೆ: ಬಾಯ್ಲರ್‌ಗೆ ಅಂತ ಮಾರುವ ಪೆಲೆಟ್ ಅಗ್ಗ. ಮಳೆ ಅಂತ ಸ್ಮೋಕರನ್ನು ಬಚ್ಚಲುಮನೆಯೊಳಗೆ ಇಟ್ಟುಕೊಂಡರೆ ಆಗುತ್ತಾ? (ಶಿವಮೊಗ್ಗದಿಂದ)

ಉತ್ತರ: ಎರಡಕ್ಕೂ ಬೇಡ ಅನ್ನುತ್ತೇನೆ. ಬಾಯ್ಲರ್ ಪೆಲೆಟ್ಟಿಗೆ ಯಾವ ಮರದ್ದು, ಯಾವ ಹೊಟ್ಟು ಸೇರಿದೆ ಅಂತ ಗೊತ್ತಾಗಲ್ಲ, ಪ್ಲೈವುಡ್ ಚೂರಿನ ಅಂಟೂ ಬಂದಿರಬಹುದು. ಅಡುಗೆಗೆ ಅಂತಲೇ ಬರೆದಿರುವ ಪೆಲೆಟ್ ತನ್ನಿ. ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಂಗಳದಲ್ಲಿ ಮನೆಯಿಂದ ದೂರಕ್ಕೆ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರ ಹಾಕಿಸಿ ಅದರಡಿ ಇಡಿ. ಕರೆಂಟಿನ ಪ್ಲಗ್ಗಿಗೆ ಇರಚಲು ಹೊಡೆಯಬಾರದು, ಅದೊಂದು ನೋಡಿಕೊಳ್ಳಿ.