ಒಂದು ಕಿಲೋಮೀಟರಿಗೆ ನೂರು ಸೆಕೆಂಡು

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಮ್ಮದು ದಾವಣಗೆರೆ. ಕಾರು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ವರ್ಷ ಹಳೆಯದು, 62,000 ಕಿ.ಮೀ. ಓಡಿದೆ. ನಾನು, ನನ್ನ ತಂಗಿ ಸೇರಿ ಈ ವರ್ಷ ಒಂದು ಟಿಎಸ್‌ಡಿ ರ‍್ಯಾಲಿಗೆ ಹೆಸರು ಕೊಡಬೇಕೆಂದಿದ್ದೇವೆ. ಗ್ಯಾರೇಜಿನವರು 17 ಇಂಚಿನ ಅಲಾಯ್ ವೀಲು, ಓಪನ್ ಏರ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್, ಇಸಿಯು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ತಂತ್ರಾಂಶ ಬದಲಾವಣೆ) ಎಲ್ಲ ಸೇರಿ 85,000 ರೂಪಾಯಿ ಹೇಳಿದ್ದಾರೆ. ಮಾಡಿಸಬಹುದೇ? ಬೇಸಿಗೆಯಲ್ಲಿ ಬೆಂಗಳೂರಿನಿಂದ ಬರುವಾಗ ಹಿರಿಯೂರು ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಏರುತ್ತದೆ, ಊರೊಳಗೆ ಸರಿ ಇರುತ್ತದೆ. 90ರ ಮೇಲೆ ಸ್ಟೀರಿಂಗ್ ನಡುಗುತ್ತದೆ. ಇನ್ನೊಂದು: ತಂಗಿ ಲೆಕ್ಕದಲ್ಲಿ ಚುರುಕು, ಆದರೆ ಓಡುವ ಕಾರಿನಲ್ಲಿ ಓದಿದರೆ ವಾಂತಿ ಬರುತ್ತದೆ. ಉಪಾಯ ಇದೆಯೇ?

ಸಂಪಾದಕರ ಉತ್ತರ:

ಮಾಡಿಸಬೇಡಿ. ನಾಲ್ಕರಲ್ಲಿ ಒಂದೂ ಬೇಡ. ನೀವು ಹೋಗುತ್ತಿರುವ ಆಟಕ್ಕೆ ಈ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಒಂದೆರಡಂತೂ ನಿಮ್ಮ ಅಂಕವನ್ನೇ ತಿನ್ನುತ್ತವೆ.

ಟಿಎಸ್‌ಡಿ ಎಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಧೂಳೆಬ್ಬಿಸುವ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಕಾರುಗಳಿಗೂ ಇದಕ್ಕೂ ಹೆಸರಿನಲ್ಲಷ್ಟೇ ನೆಂಟಸ್ತನ. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಓಡಿಸುವಂಥ ರ‍್ಯಾಲಿಯಲ್ಲಿ ಸಂಚಾರ ಮುಚ್ಚಿದ ರಸ್ತೆಯ ಮೇಲೆ ಕಡಿಮೆ ಸಮಯ ತೆಗೆದುಕೊಂಡವರು ಗೆಲ್ಲುತ್ತಾರೆ. ಅಲ್ಲಿ ರೋಲ್ ಕೇಜ್ (ಗಾಡಿ ಮಗುಚಿದರೂ ಒಳಗಿನವರನ್ನು ಕಾಯುವ ಉಕ್ಕಿನ ಚೌಕಟ್ಟು), ಹೆಲ್ಮೆಟ್, ಬೆಂಕಿ ತಡೆಯುವ ಉಡುಪು ಇಲ್ಲದೆ ಗಾಡಿಯನ್ನು ಸ್ಟಾರ್ಟ್ ಗೆರೆಗೇ ಬಿಡುವುದಿಲ್ಲ. ಟಿಎಸ್‌ಡಿ ನಡೆಯುವುದು ಎತ್ತಿನ ಗಾಡಿ, ಕುರಿ ಮಂದೆ, ಶಾಲೆ ಮಕ್ಕಳು ಎಲ್ಲರೂ ಓಡಾಡುವ ರಸ್ತೆಯಲ್ಲಿ. ಸಂಘಟಕರು ಹೇಳಿದ ಸರಾಸರಿ ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಹಿಡಿದುಕೊಂಡು ಹೋಗಬೇಕು. ದಾರಿಯಲ್ಲಿ ಎಲ್ಲೋ ಮರದ ನೆರಳಲ್ಲಿ ಮಾರ್ಷಲ್‌ಗಳು ಕುಳಿತು ನಿಮ್ಮ ಸಮಯ ಬರೆದುಕೊಳ್ಳುತ್ತಾರೆ. ತಡವಾದರೆ ದಂಡ, ಮೊದಲೇ ಬಂದರೂ ದಂಡ. ಎಷ್ಟೋ ಕಡೆ ಮೊದಲು ಬಂದವರಿಗೇ ದಂಡ ಹೆಚ್ಚು. ಇಂಥ ಆಟದಲ್ಲಿ ಹೆಚ್ಚುವರಿ ಕುದುರೆಶಕ್ತಿಯನ್ನು ಕಟ್ಟಿಕೊಂಡು ಏನು ಮಾಡುತ್ತೀರಿ?

ಅಲಾಯ್ ವೀಲಿನಿಂದಲೇ ಶುರು ಮಾಡೋಣ. ನಿಮ್ಮ ಗಾಡಿಯ ಟೈರು 185/65 ಆರ್15 ಎಂದು ಬರೆದಿದ್ದೀರಿ. ಅದರ ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಗ್ಯಾರೇಜಿನವರು ಹೇಳಿದ 205/50 ಆರ್17ರ ವ್ಯಾಸ ಸುಮಾರು 637. ಅಂದರೆ ಎರಡೂವರೆ ಶೇಕಡಾ ದೊಡ್ಡ ಗಾಲಿ. ಗಾಲಿ ದೊಡ್ಡದಾದರೆ ಅದೇ ದೂರಕ್ಕೆ ಕಡಿಮೆ ಸುತ್ತು ತಿರುಗುತ್ತದೆ, ಓಡೋಮೀಟರ್ ಕಡಿಮೆ ತೋರಿಸುತ್ತದೆ. ನಿಜವಾಗಿ 40 ಕಿ.ಮೀ. ಹೋದಾಗ ಮೀಟರಿನಲ್ಲಿ 39 ಇರುತ್ತದೆ. ಸರಾಸರಿ 36 ಕಿ.ಮೀ. ವೇಗದಲ್ಲಿ ಆ ಒಂದು ಕಿಲೋಮೀಟರ್ ನೂರು ಸೆಕೆಂಡಿಗೆ ಸಮ. ಜೊತೆಗೆ ಟೈರಿನ ಪಕ್ಕದ ಗೋಡೆ 120 ಮಿ.ಮೀ.ನಿಂದ 102ಕ್ಕೆ ಇಳಿಯುತ್ತದೆ. ನಮ್ಮ ಹಳ್ಳಿ ರಸ್ತೆಯ ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಯುವುದು ಆ ರಬ್ಬರೇ.

ಓಪನ್ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಸಣ್ಣ ಧೂಳನ್ನು ಕಾಗದದ ಫಿಲ್ಟರಿನಷ್ಟು ಚೆನ್ನಾಗಿ ಹಿಡಿಯುವುದೂ ಇಲ್ಲ. ಮೆಕ್ಕೆಜೋಳದ ಕಟಾವಿನ ದಿನಗಳಲ್ಲಿ ಮಾಯಕೊಂಡದ ಕಡೆಗೋ ಚನ್ನಗಿರಿ ಕಡೆಗೋ ಒಮ್ಮೆ ಹೋಗಿಬಂದು ಕಂಪನಿ ಫಿಲ್ಟರನ್ನು ಹೊರತೆಗೆದು ನೋಡಿ, ಯಾವುದು ಬೇಕೆಂದು ಅದೇ ಹೇಳುತ್ತದೆ. ಪ್ರತಿ 5,000 ಕಿ.ಮೀ.ಗೆ ತೆಗೆದು, ಒಳಮೈಯಿಂದ ಹೊರಕ್ಕೆ ಮೆಲ್ಲಗೆ ಗಾಳಿ ಬಿಡಿಸಿ. ಹೊರಗಿನಿಂದ ಬಿಟ್ಟರೆ ಧೂಳು ಕಾಗದದೊಳಕ್ಕೆ ನಾಟಿಕೊಳ್ಳುತ್ತದೆ. ಟರ್ಬೋ ಇಲ್ಲದ 1.2 ಎಂಜಿನ್ನಿಗೆ ರೀಮ್ಯಾಪಿನಿಂದ ಸಿಗುವುದು ಬೆರಳಲ್ಲಿ ಎಣಿಸುವಷ್ಟು ಅಶ್ವಶಕ್ತಿ. ಸದ್ದು ಮಾಡುವ ಸೈಲೆನ್ಸರಿಗೆ ಸಿಗುವುದು ಪೊಲೀಸರ ಚೀಟಿ.

ಇನ್ನು ನಿಮ್ಮ ಕಾರಿನ ನಿಜವಾದ ಕಾಯಿಲೆಗಳಿಗೆ ಬರೋಣ.

ಮುಳ್ಳು ಹೈವೇಯಲ್ಲಿ ಏರಿ ಊರೊಳಗೆ ಇಳಿಯುವುದು ಒಳ್ಳೆಯ ಸುಳಿವು. ನಿಂತಾಗ, ಟ್ರಾಫಿಕ್‌ನಲ್ಲಿ ಮಾತ್ರ ಏರಿದ್ದರೆ ಫ್ಯಾನು, ಅದರ ರಿಲೇ ಅಥವಾ ಫ್ಯೂಸ್ ಮೇಲೆ ಅನುಮಾನ. ನಿಮ್ಮದು ತಿರುವುಮುರುವು: ಎದುರುಗಾಳಿ ಧಾರಾಳವಾಗಿ ಸಿಗುವ ವೇಗದಲ್ಲಿ ಏರುತ್ತಿದೆ. ಅಂದರೆ ಎಂಜಿನ್ ಹೆಚ್ಚು ಬಿಸಿ ಹುಟ್ಟಿಸುವಾಗ ರೇಡಿಯೇಟರಿಗೆ ಅದನ್ನು ಹೊರಹಾಕಲು ಆಗುತ್ತಿಲ್ಲ. ಕಾರಣ ಮೂರು ಕಡೆ ಇರಬಹುದು. ಮೊದಲನೆಯದು ಹೊರಗೆ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹುಳ, ಜೋಳದ ಹೊಟ್ಟು, ಹತ್ತಿಯ ಎಳೆ ಸೇರಿ ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ, ಮುಂದಿನಿಂದ ಬಗ್ಗಿ ನೋಡಿದರೆ ಕಾಣುವುದಿಲ್ಲ. ಎಂಜಿನ್ ತಣ್ಣಗಿರುವಾಗ ಹಿಂದಿನಿಂದ ಮುಂದಕ್ಕೆ ಸಾದಾ ಪೈಪಿನ ನೀರು ಬಿಡಬೇಕು. ವಾಟರ್ ಸರ್ವೀಸ್ ಗನ್ನು ಹತ್ತಿರ ಹಿಡಿದರೆ ತೆಳ್ಳನೆಯ ರೆಕ್ಕೆಗಳೆಲ್ಲ ಮಡಚಿ, ಇದ್ದ ದಾರಿಯೂ ಮುಚ್ಚುತ್ತದೆ.

ಎರಡನೆಯದು ಒಳಗೆ, ನನ್ನ ಅನುಮಾನ ಇದರ ಮೇಲೇ ಹೆಚ್ಚು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಬೋರ್ ನೀರು ಹಾಕಿದ್ದೇವೆ ಎಂದು ನೀವೇ ಬರೆದಿದ್ದೀರಿ. ನಮ್ಮ ಕಡೆಯ ಬೋರ್ ನೀರನ್ನು ನಾಲ್ಕು ತಿಂಗಳು ಕಾಯಿಸಿದ ಹಂಡೆಯೊಳಗೆ ಬಿಳಿ ಪಕಳೆ ಕಟ್ಟುತ್ತದಲ್ಲ, ಅದೇ ಪಕಳೆ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಅದು ಶಾಖವನ್ನು ದಾಟಲು ಬಿಡುವುದಿಲ್ಲ. ಹಳೆಯದನ್ನು ಪೂರ್ತಿ ಇಳಿಸಿ, ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ಹಾಕಿಸಿ. ಮೊದಲೇ ಬೆರೆಸಿ ಮಾರುವ ಡಬ್ಬಿಯಾದರೆ ಮತ್ತೆ ನೀರು ಬೆರೆಸಬೇಡಿ. ಒತ್ತಡದ ಮುಚ್ಚಳದ ಕೆಳಗೆ ಈ ಅರ್ಧರ್ಧ ಮಿಶ್ರಣ ಸುಮಾರು 125 ಡಿಗ್ರಿವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸೀಳಿದ್ದರೆ ಒತ್ತಡವೇ ನಿಲ್ಲದು, ಆಗ ಎಷ್ಟು ಒಳ್ಳೆಯ ಕೂಲೆಂಟಾದರೂ ಬೇಗ ಕುದಿಯುತ್ತದೆ. ಮುಚ್ಚಳದ ಬೆಲೆ ಅಲ್ಪ, ಹೇಗೂ ಬದಲಾಯಿಸಿಬಿಡಿ. ಮೂರನೆಯದು ಪೂರ್ತಿ ತೆರೆಯದ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ. ಫ್ಲಶ್ ಮಾಡಿಸುವಾಗಲೇ ಅದನ್ನೂ ಹೊಸದು ಹಾಕಿಸಿದರೆ ಎರಡೆರಡು ಸಲ ಕೂಲೆಂಟ್ ಇಳಿಸುವ ಖರ್ಚು ಉಳಿಯುತ್ತದೆ. "ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ತಣ್ಣಗಿರುತ್ತೆ" ಎನ್ನುವ ಮೆಕ್ಯಾನಿಕ್ ಮಾತು ಕೇಳಬೇಡಿ, ಎಂಜಿನ್ ಕೆಲಸದ ಬಿಸಿಗೆ ಬರುವುದೇ ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ದಾರಿಯಲ್ಲೇ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ವೇಗ ಇಳಿಸಿ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಏಪ್ರಿಲ್ ಮಧ್ಯಾಹ್ನ ಹಿರಿಯೂರಿನಲ್ಲಿ ಹೀಟರ್ ಹಾಕುವುದು ಶಿಕ್ಷೆಯೇ, ಆದರೆ ಹೆಡ್ ಗ್ಯಾಸ್ಕೆಟ್ ಸುಟ್ಟರೆ ಬರುವ ಬಿಲ್ಲು ಇನ್ನೂ ದೊಡ್ಡ ಶಿಕ್ಷೆ. ಮುಳ್ಳು ಕೆಂಪು ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆಗೆಯಲೇಬೇಡಿ.

ಸ್ಟೀರಿಂಗ್ ನಡುಕ: ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮುಂಚೆ ನಾಲ್ಕೂ ಗಾಲಿಯ ಒಳಬದಿಗೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಓಡಿಸಿದರೆ ಮಣ್ಣು ರಿಮ್ಮಿನ ಒಳಗೆ ಅಂಟಿ ಒಣಗಿ ಇಟ್ಟಿಗೆಯಾಗುತ್ತದೆ. ಬ್ಯಾಲೆನ್ಸಿಂಗಿಗೆ ಗ್ರಾಂ ಲೆಕ್ಕದ ಸೀಸ ಹಚ್ಚುವ ಗಾಲಿಗೆ ಒಂದು ಹಿಡಿ ಮಣ್ಣು ಎಂದರೆ ಸಣ್ಣ ಭಾರವಲ್ಲ. ಕೆರೆದು ತೊಳೆದ ಮೇಲೂ ನಡುಗಿದರೆ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ.

ಗಾಳಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ "ಬಿಸಿಲಿಗೆ ಗಾಳಿ ಕಮ್ಮಿ ಇಡಿ" ಎಂಬ ಮಾತು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಉದ್ದಕ್ಕೂ ಚಾಲ್ತಿಯಲ್ಲಿದೆ. ಕಂಪನಿ ಹೇಳಿದ ಒತ್ತಡ (ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ನೋಡಿ) ತಣ್ಣನೆಯ ಟೈರಿನದು. ಬೆಳಿಗ್ಗೆ 33 ಪಿಎಸ್‌ಐ ಇದ್ದದ್ದು ಹೈವೇ ಓಟದ ನಂತರ 37 ಆಗುವುದು ಸಹಜ. ಅದನ್ನು ಕಂಡು ಗಾಬರಿಯಾಗಿ 33ಕ್ಕೆ ಇಳಿಸಿದರೆ ಮಾರನೇ ಬೆಳಿಗ್ಗೆ 29 ಉಳಿದಿರುತ್ತದೆ. ಗಾಳಿ ಕಮ್ಮಿಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ, ಸಿಡಿಯುವುದು ಹೀಗೆ. ಟೈರಿನ ವಯಸ್ಸನ್ನೂ ನೋಡಿ: ಪಕ್ಕದ ಕೊನೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2321 ಎಂದರೆ 2021ರ 23ನೇ ವಾರ. ಪಟ್ಟೆ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯಸ್ಸು ಮುಗಿಯಿತು.

85,000ದಲ್ಲಿ ಮೊದಲ ಪಾಲು ಸಲ್ಲಬೇಕಾದದ್ದು ಬ್ರೇಕ್ ಆಯಿಲಿಗೆ. ಐದು ವರ್ಷದಲ್ಲಿ ಒಮ್ಮೆಯೂ ಬದಲಾಯಿಸಿಲ್ಲವಾದರೆ ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವಂತಿಲ್ಲ ಎಂಬುದು ಮಾನದಂಡ, ತೇವ ಕುಡಿದ ಮೇಲೆ ಆ ಮಿತಿ 155. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ದ್ರವ ಕುದಿದು ಗುಳ್ಳೆಯಾಗಿ ಪೆಡಲ್ ಹತ್ತಿಯಂತೆ ಒಳಕ್ಕೆ ಹೋಗುತ್ತದೆ. ಒಂದು ಲೀಟರ್ ಸಾಕು. ಎಬಿಎಸ್ ಇರುವ ಗಾಡಿಯಲ್ಲಿ ಹಳೆಯ ದ್ರವವನ್ನು ಯಾವ ಗಾಲಿಯಿಂದ ಮೊದಲು ಇಳಿಸಬೇಕು ಎಂಬುದು ಕಂಪನಿ ಕ್ರಮದಂತೆಯೇ ಆಗಬೇಕು, ಮಧ್ಯೆ ಬಾನೆಟ್ಟಿನೊಳಗಿನ ದ್ರವದ ಡಬ್ಬಿ ಬರಿದಾಗಲು ಬಿಡಬಾರದು. ಪೇಂಟಿನ ಮೇಲೆ ಬಿದ್ದ ಹನಿಯನ್ನು ಆಗಲೇ ನೀರಿನಿಂದ ತೊಳೆಯಿರಿ. ಇಳಿಜಾರಿಗೆ ಎರಡನೆಯ, ಮೂರನೆಯ ಗೇರು ಇದ್ದೇ ಇದೆ.

ಈಗ ಆಟ. ಗಂಟೆಯಲ್ಲಿ 3,600 ಸೆಕೆಂಡು. ಅದನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಎಂದು ಸಿಗುತ್ತದೆ: 30ಕ್ಕೆ 120, 36ಕ್ಕೆ 100, 40ಕ್ಕೆ 90, 45ಕ್ಕೆ 80. ತಂಗಿಗೆ ಇಷ್ಟು ಬಾಯಿಪಾಠವಾಗಲಿ. ಉದಾಹರಣೆಗೆ, 8 ಗಂಟೆ 14 ನಿಮಿಷಕ್ಕೆ ಹೊರಟಿರಿ ಎನ್ನಿ. 7.4 ಕಿ.ಮೀ.ವರೆಗೆ 36, ಅಲ್ಲಿಂದ 12.4ರವರೆಗೆ 40. ಮೊದಲ ಭಾಗ 740 ಸೆಕೆಂಡು, ಎರಡನೆಯದು 450. ಒಟ್ಟು 1,190, ಅಂದರೆ 19 ನಿಮಿಷ 50 ಸೆಕೆಂಡು. 12.4ರಲ್ಲಿ ನೀವು ಇರಬೇಕಾದ ಸಮಯ 8:33:50. ಗಡಿಯಾರವನ್ನು ಸಂಘಟಕರ ಗಡಿಯಾರಕ್ಕೆ ಸೆಕೆಂಡು ಬಿಡದೆ ಹೊಂದಿಸಿಕೊಳ್ಳಿ.

ಎಡವುವುದು ದೂರದ ಲೆಕ್ಕದಲ್ಲಿ. ಶುರುವಿನಲ್ಲಿ ಸಂಘಟಕರು ಅಳೆದ ಒಂದು ತುಂಡು ರಸ್ತೆ ಕೊಡುತ್ತಾರೆ. ಅವರ 10.0 ಕಿ.ಮೀ. ನಿಮ್ಮ ಮೀಟರಿನಲ್ಲಿ 10.2 ತೋರಿಸಿದರೆ ಅಂದಿನ ನಿಮ್ಮ ಗುಣಕ 1.02. ರೋಡ್ ಬುಕ್ಕಿನ (ಸಂಘಟಕರು ಕೊಡುವ, ತಿರುವು-ದೂರಗಳ ಸೂಚನೆಯ ಪುಸ್ತಕ; ಅದನ್ನು ಓದಿ ಹೇಳುವುದು ಪಕ್ಕದಲ್ಲಿ ಕೂರುವ ತಂಗಿಯ ಕೆಲಸ) ಪ್ರತಿ ದೂರವನ್ನೂ ಅದರಿಂದ ಗುಣಿಸಿದರೆ ನಿಮ್ಮ ಮೀಟರ್ ಎಷ್ಟು ತೋರಿಸಬೇಕೆಂದು ಬರುತ್ತದೆ. ಟ್ರಿಪ್ ಮೀಟರ್ ತೋರಿಸುವುದು ನೂರು ಮೀಟರಿಗೊಂದು ಅಂಕಿ, 36ರ ವೇಗದಲ್ಲಿ ಅದು ಹತ್ತು ಸೆಕೆಂಡು! ಹಾಗಾಗಿ ಅಂಕಿಯನ್ನಲ್ಲ, ಅಂಕಿ ಬದಲಾಗುವ ಕ್ಷಣವನ್ನು ಹಿಡಿಯಿರಿ. ಅಭ್ಯಾಸಕ್ಕೆ ಹೈವೇ ಬೇಡ, ಅಲ್ಲಿ 36ರಲ್ಲಿ ಹೋಗುವುದೇ ಅಪಾಯ. ಸಂತೇಬೆನ್ನೂರು ಕಡೆಯ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಮಾಡಿ. ರಸ್ತೆಯ ಮೇಲೆ ಒಕ್ಕಣೆಗೆ ಹಾಸಿದ ಹುಲ್ಲು ಕಂಡರೆ ಸುತ್ತು ಹಾಕಿ ಹೋಗಿ: ಆಕ್ಸಲ್ಲಿಗೆ ಸುತ್ತಿದ ಒಣ ಹುಲ್ಲು ಗಾಡಿಯಡಿಯ, ಹೊಗೆ ಶುದ್ಧಿ ಮಾಡುವ, ಕೆಂಡದಷ್ಟು ಕಾದ ಕ್ಯಾಟಲಿಟಿಕ್ ಕನ್ವರ್ಟರಿಗೆ ತಾಗಿದರೆ ಗಾಡಿಯೇ ಹೊತ್ತಿಕೊಳ್ಳಬಹುದು. ಹಾಗೇನಾದರೂ ದಾಟಿದರೆ ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ಒಂದು ಕೆ.ಜಿ. ಪುಡಿ ಎಕ್ಸ್‌ಟಿಂಗ್ವಿಷರ್ ಸೀಟಿನ ಬಳಿ ಬಿಗಿದಿರಲಿ. ಒಣಗಲು ಹರಡಿದ ಮೆಕ್ಕೆಜೋಳದ ಮೇಲೆ ಬ್ರೇಕ್ ಹಾಕಬೇಡಿ, ಗೋಲಿಗಳ ಮೇಲೆ ಜಾರಿದಂತೆ ಜಾರುತ್ತದೆ.

ಹೆಸರು ಕೊಡುವ ಮುಂಚೆ ಎರಡು ಕಾಗದ ನೋಡಿ. ಒಂದು, ಕಾರ್ಯಕ್ರಮಕ್ಕೆ ಫೆಡರೇಶನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಮಂಜೂರಾತಿ. ಎರಡು, ನಿಮ್ಮ ವಿಮೆ ಪಾಲಿಸಿಯ "ಬಳಕೆಯ ಮಿತಿ" ಎಂಬ ಸಾಲು. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ಜೊತೆಗೆ ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆಯ ಪರೀಕ್ಷೆ) ಕೂಡ ಹೊರಗಿಟ್ಟಿರುತ್ತಾರೆ. ಟಿಎಸ್‌ಡಿ ಅದರಲ್ಲಿ ಬರುತ್ತದೋ ಇಲ್ಲವೋ ಎಂದು ವಿಮೆಯವರಿಂದ ಬರಹದಲ್ಲೇ ಕೇಳಿ ಪಡೆಯಿರಿ, ಏಜೆಂಟರ ಬಾಯಿಮಾತು ಕ್ಲೇಮಿನ ದಿನ ನಿಲ್ಲದು.

ತಂಗಿಯ ವಾಂತಿಗೆ: ಪುಸ್ತಕ ತೊಡೆಯ ಮೇಲಿದ್ದರೆ ಕಣ್ಣಿಗೆ ಕಾಣುವುದು ಅಲುಗಾಡದ ಅಕ್ಷರ, ಕಿವಿಯೊಳಗಿನ ಸಮತೋಲನಕ್ಕೆ ತಿಳಿಯುವುದು ತಿರುವು. ಹೊಟ್ಟೆ ತೊಳಸುವುದು ಈ ಜಗಳಕ್ಕೆ. ರಟ್ಟಿಗೆ ಕ್ಲಿಪ್ ಹಾಕಿ ಡ್ಯಾಶ್‌ಬೋರ್ಡಿನ ಎತ್ತರಕ್ಕೆ ಹಿಡಿಯಲಿ, ರಸ್ತೆಯೂ ಕಣ್ಣಂಚಿಗೆ ಬೀಳುತ್ತಿರುತ್ತದೆ. ನೇರ ರಸ್ತೆ ಸಿಕ್ಕಾಗ ಮುಂದಿನ ಮೂರು ಸೂಚನೆ ಒಟ್ಟಿಗೆ ಓದಿಕೊಂಡು, ತಿರುವುಗಳಲ್ಲಿ ತಲೆ ಎತ್ತಿ ಹೊರಗೆ ನೋಡಲಿ. ಗುಣಾಕಾರಗಳನ್ನೆಲ್ಲ ಹೊರಡುವ ಮೊದಲೇ ಅಂಚಿನಲ್ಲಿ ಬರೆದಿಟ್ಟಿರಲಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಮೊದಲ ಸಲ ನುಂಗುವುದು ರ‍್ಯಾಲಿಯ ದಿನವಾಗಬಾರದು, ವೈದ್ಯರನ್ನು ಕೇಳಿ ಅಭ್ಯಾಸದ ಭಾನುವಾರವೇ ನೋಡಿಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೆಯೂ ಬೇಡ, ಬೆಣ್ಣೆ ತೇಲುವ ದೋಸೆಯೂ ಬೇಡ. ಎರಡು ಇಡ್ಲಿ ಸಾಕು, ದೋಸೆ ಫಲಿತಾಂಶ ಹಚ್ಚುವವರೆಗೆ ಕಾಯಲಿ.