ಲಾವೋತ್ಸು ಕುರಿತು ಲೇಖನ ಕಳುಹಿಸಿದವರಿಗೆ

ಮಾನ್ಯರೆ,

‘ತಾವೋ ತತ್ತ್ವದ ಜನಕ ಲಾವೋತ್ಸು’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಭಾಷೆ ಹದವಾಗಿದೆ, ವಿಷಯದ ಮೇಲಿನ ನಿಮ್ಮ ಪ್ರೀತಿಯೂ ಕಾಣುತ್ತದೆ; ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಲಾವೋತ್ಸು ಕ್ರಿ.ಪೂ. 604ರಲ್ಲಿ ಹುಟ್ಟಿದ, ಹುಟ್ಟುವಾಗಲೇ ಅವನ ತಲೆ ನರೆತಿತ್ತು, ಪ್ರಾಚೀನ ಚೀನಾದ ಚೌ ಅರಸರ ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದ, ಕನ್ಫ್ಯೂಷಿಯಸ್ ಬಂದು ಅವನನ್ನು ಕಂಡ, ಕೊನೆಗೆ ಎತ್ತನ್ನೇರಿ ಭಾರತಕ್ಕೆ ಬಂದ ಎಂಬುದನ್ನೆಲ್ಲ ನೀವು ಒಂದೇ ಉಸಿರಿನಲ್ಲಿ, ಒಂದೇ ನಂಬಿಕೆಯಿಂದ ಹೇಳಿದ್ದೀರಿ. ಇವು ಒಂದೇ ಕಾಲದ ಮಾತುಗಳಲ್ಲ, ಒಬ್ಬರೇ ಹೇಳಿದವೂ ಅಲ್ಲ.

ನಮಗೆ ದೊರೆತಿರುವ ಅತ್ಯಂತ ಹಳೆಯ ಜೀವನವೃತ್ತಾಂತ ಇತಿಹಾಸಕಾರ ಸಿಮಾ ಚಿಯೆನ್ ಕ್ರಿ.ಪೂ. 100ರ ಆಸುಪಾಸಿನಲ್ಲಿ ಬರೆದದ್ದು. ಚು ರಾಜ್ಯದಲ್ಲಿ ಹುಟ್ಟಿದ ಲಿ ಅರ್ ಎಂಬ ಗ್ರಂಥಪಾಲಕನೇ ಲಾವೋತ್ಸು ಎಂಬ ಮಾತು, ಕನ್ಫ್ಯೂಷಿಯಸನ ಭೇಟಿ, ಗಡಿಕಣಿವೆಯ ಅಧಿಕಾರಿ ಯಿನ್ ಶಿ ಬೇಡಿಕೊಂಡದ್ದರಿಂದ ರಚನೆಯಾದ, ಐದು ಸಾವಿರಕ್ಕೂ ಮಿಕ್ಕ ಅಕ್ಷರಗಳ, ಎರಡು ಭಾಗದ ಗ್ರಂಥ ಎಲ್ಲವೂ ಅದರಲ್ಲಿವೆ. ಹುಟ್ಟಿದ ವರ್ಷವಿಲ್ಲ, ಎತ್ತೂ ಇಲ್ಲ. ಅಷ್ಟೇ ಅಲ್ಲ, ಕನ್ಫ್ಯೂಷಿಯಸನ ಸಮಕಾಲೀನನಾದ ಲಾವೋ ಲಾಯ್‌ತ್ಸು ಎಂಬವನನ್ನೂ, ಕನ್ಫ್ಯೂಷಿಯಸ್ ತೀರಿಕೊಂಡು 129 ವರ್ಷಗಳಾದ ಮೇಲೆ ಕಾಣಿಸಿಕೊಳ್ಳುವ ಚೌ ಆಸ್ಥಾನದ ಇತಿಹಾಸಕಾರ ತಾನ್ ಎಂಬವನನ್ನೂ ಹೆಸರಿಸಿ, ಲಾವೋತ್ಸು ಇವರಲ್ಲಿ ಯಾರೆಂಬ ಪ್ರಶ್ನೆಯನ್ನು ಆತ ತೀರ್ಮಾನಿಸದೆ ಬಿಡುತ್ತಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಚೀನಾದ ಆ ಮಹಾ ಇತಿಹಾಸಕಾರನೇ ಹೀಗೆ ಅನುಮಾನಿಸಿ ನಿಂತದ್ದು ನಿಮ್ಮ ಲೇಖನದ ಜೀವಾಳವಾಗಬೇಕಿತ್ತು. ನೀವು ಅದನ್ನು ಪ್ರಸ್ತಾಪಿಸಿಯೇ ಇಲ್ಲ.

ಗ್ರಂಥದ ಬಗೆಗೂ ಇದೇ ಕೊರತೆ. ಅವನದೆನ್ನಲಾದ ಆ ಗ್ರಂಥ, ‘ತಾವೋ ತೆ ಚಿಂಗ್’ನ 81 ಅಧ್ಯಾಯಗಳನ್ನು ಒಬ್ಬನೇ ಒಂದೇ ಪಟ್ಟಿನಲ್ಲಿ ಬರೆದು ಮುಗಿಸಿದನೆಂದಿದ್ದೀರಿ. 1973ರಲ್ಲಿ ಚಾಂಗ್‌ಶಾ ನಗರದ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯಿಂದ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳು ದೊರೆತವು. ಇಂದಿನ ಗ್ರಂಥದಲ್ಲಿ ‘ತಾವೋ’ ಭಾಗದ ನಂತರ ಬರುವ ‘ತೆ’ ಭಾಗವೇ ಅವುಗಳಲ್ಲಿ ಮೊದಲು ಬರುತ್ತದೆ. 1993ರಲ್ಲಿ ಹೂಬೇ ಪ್ರಾಂತದ ಗುವೊದ್ಯಾನ್‌ನಲ್ಲಿ ಸಿಕ್ಕ ಬಿದಿರಿನ ಪಟ್ಟಿಗಳು ಇನ್ನೂ ಹಳೆಯವು, ಸುಮಾರು ಕ್ರಿ.ಪೂ. 300ರವು. ಅವುಗಳಲ್ಲಿರುವುದು ಇಂದಿನ ಗ್ರಂಥದ ಅರ್ಧಕ್ಕಿಂತ ಕಡಿಮೆ, ಅದೂ ಬೇರೆಯೇ ಕ್ರಮದಲ್ಲಿ. ಹಲವರ ಮಾತುಗಳು ಕಾಲಕ್ರಮದಲ್ಲಿ ಕೂಡಿಕೊಂಡು ಈ ಗ್ರಂಥವಾಯಿತೆಂದು ಅನೇಕ ವಿದ್ವಾಂಸರು ಭಾವಿಸುವುದಕ್ಕೆ ಇವು ಬಲವಾದ ಆಧಾರಗಳು.

ದಂತಕತೆಗಳನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅವು ಯಾವಾಗ, ಯಾರಿಗೆ ಬೇಕಾಗಿ ಹುಟ್ಟಿದವೆಂಬುದನ್ನು ಹೇಳಿ. ಲಾವೋತ್ಸು ಪಶ್ಚಿಮಕ್ಕೆ ಹೋಗಿ ಬುದ್ಧನಾದನೆಂಬ ಕತೆ ಚೀನಾದಲ್ಲಿ ತಾವೋ ಪಂಥದವರು ಬೌದ್ಧರೊಡನೆ ಹೂಡಿದ ವಾದದಲ್ಲಿ ಬೆಳೆದದ್ದು. ಅದನ್ನು ಭಾರತಯಾತ್ರೆಯ ಸಾಕ್ಷ್ಯವೆಂದು ಬಳಸುವಂತಿಲ್ಲ. ಭಾರತದ ನಂಟೇ ಬೇಕೆಂದಾದರೆ, ಏಳನೆಯ ಶತಮಾನದಲ್ಲಿ ತಾಂಗ್ ಚಕ್ರವರ್ತಿಯು ಈ ಗ್ರಂಥವನ್ನು ಸಂಸ್ಕೃತಕ್ಕೆ ತರುವಂತೆ ಆಜ್ಞಾಪಿಸಿದ್ದು, ಇಮ್ಮಡಿ ಪುಲಕೇಶಿಯ ನಾಡನ್ನು ಬಣ್ಣಿಸಿದ ಅದೇ ಹ್ಯೂಯೆನ್ ತ್ಸಾಂಗನಿಗೆ. ನಮ್ಮ ಓದುಗರಿಗೆ ಅವನ ಪರಿಚಯ ಬೇಕಿಲ್ಲ.

ಕೊನೆಯ ಎರಡು ಪುಟಗಳ ಸುಭಾಷಿತಗಳನ್ನು ತೆಗೆಯಿರಿ. ಆ ಜಾಗದಲ್ಲಿ, ದೇವರಾದ ಲಾವೋತ್ಸು ಕ್ರಿ.ಶ. 142ರಲ್ಲಿ ತನಗೆ ದರ್ಶನವಿತ್ತನೆಂದು ಸಿಚುವಾನಿನಲ್ಲಿ ಸಾರಿದ ಚಾಂಗ್ ತಾವೋಲಿಂಗನ ಪಂಥವನ್ನು ಕುರಿತು ಬರೆಯಿರಿ. ತತ್ತ್ವವು ಧರ್ಮವಾದ ಬಗೆಯನ್ನು ನಿಮ್ಮ ಲೇಖನ ಮುಟ್ಟಿಯೇ ಇಲ್ಲ. ಹೀಗೆ ತಿದ್ದಿದ ಪ್ರತಿ ಬಂದರೆ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ