ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು: ಎಲ್‌ಎಲ್‌ಗೆ (ಲರ್ನರ್ಸ್ ಲೈಸೆನ್ಸ್‌ಗೆ) ಈಗಲೇ ಅರ್ಜಿ ಹಾಕಬಹುದಾ?

ನೀವು ಕೇಳಿರುವುದು ಇಷ್ಟು: ಮಗಳಿಗೆ 18 ತುಂಬಿದೆ. ಊರು ಹಾಸನ, ಓದು ಬೆಂಗಳೂರಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್.ಎಸ್.’, ಆಧಾರ್‌ನಲ್ಲಿ ‘ಕಾವ್ಯ ಸುರೇಶ್’, ಅದರಲ್ಲೂ ಹುಟ್ಟಿದ ಇಸವಿ ಮಾತ್ರ ಇದೆ, ತಾರೀಖಿಲ್ಲ. ಎಲ್‌ಎಲ್‌ಗೆ ಹಾಕಿಬಿಡಬಹುದಾ?

ಈಗಲೇ ಹಾಕಬೇಡಿ. ಮೊದಲು ಆಧಾರ್ ಸರಿಮಾಡಿಸಿ. ಲೈಸೆನ್ಸ್ ಅರ್ಜಿ ಹಾಕುವ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ದಾರಿ ಹಿಡಿದರೆ ಹೆಸರು, ಜನ್ಮದಿನಾಂಕ, ವಿಳಾಸ, ಫೋಟೋ ಎಲ್ಲ ಆಧಾರ್‌ನಿಂದಲೇ ಬಂದು ಕೂರುತ್ತವೆ. ಎಲ್‌ಎಲ್‌ನಲ್ಲಿ ಬಂದದ್ದೇ ಡಿಎಲ್‌ಗೂ (ಪೂರ್ಣ ಡ್ರೈವಿಂಗ್ ಲೈಸೆನ್ಸಿಗೂ) ಹೋಗುತ್ತದೆ. 30 ವರ್ಷದೊಳಗೆ ತೆಗೆದ ಡಿಎಲ್ 40 ತುಂಬುವವರೆಗೆ ಚಾಲ್ತಿ. ಅಂದರೆ ಇವತ್ತಿನ ತಪ್ಪು ಮಗಳ ಪರ್ಸಿನಲ್ಲಿ 22 ವರ್ಷ ಇರುತ್ತದೆ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಅನ್ನುವಲ್ಲೇ ಬಹಳ ಜನ ಎಡವುತ್ತಾರೆ. ಅಂಕಪಟ್ಟಿಯನ್ನು ಮುಟ್ಟಬೇಡಿ. ಅದನ್ನು ತಿದ್ದಿಸಲು ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಆಮೇಲೆ ಪಿಯುಸಿಯಿಂದ ಹಿಡಿದು ಎಲ್ಲವೂ ತಿದ್ದಬೇಕಾಗುತ್ತದೆ. ಆಧಾರನ್ನೇ ಅಂಕಪಟ್ಟಿಯ ಕಡೆಗೆ ತನ್ನಿ. ಆದರೆ ಇನಿಷಿಯಲ್ ವಿಷಯದಲ್ಲಿ ಸ್ವಲ್ಪ ಯೋಚಿಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಎಚ್.ಎಸ್.’ ಅಂತ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪನ ಹೆಸರು ಅನ್ನುವುದು ನಮಗೆ ಗೊತ್ತು, ಕೌಂಟರಿನಲ್ಲಿ ಕೂತವರಿಗೆ ಕಾಗದ ಬೇಕು. ಬಿಡಿಸಿದ ರೂಪ ಯಾವುದೆಂದು ಮನೆಯಲ್ಲಿ ಈಗಲೇ ತೀರ್ಮಾನಿಸಿ, ಮುಂದೆ ಎಲ್ಲ ಕಡೆ ಅದೇ ಕಾಗುಣಿತ ಇರಲಿ.

ಅವಸರ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆ ಒಂದು ಅವಕಾಶವನ್ನು ತಪ್ಪು ತಾರೀಖಿಗೆ ಕಳೆದುಕೊಂಡರೆ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯವರೆಗೂ ಅಲೆಯಬೇಕಾಗುತ್ತದೆ. ಅಂಕಪಟ್ಟಿಯ ತಾರೀಖೂ ಜನನ ಪ್ರಮಾಣಪತ್ರದ ತಾರೀಖೂ ಒಂದೇ ಇವೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸಿಬಿಡುವ ರೂಢಿ ಇತ್ತಲ್ಲ, ಅಂಥ ಕಡೆ ಎರಡೂ ತಾಳೆಯಾಗುವುದಿಲ್ಲ. ಆಧಾರ್ ಕೇಂದ್ರಕ್ಕೆ ಹೋದಾಗ ಮೊಬೈಲ್ ನಂಬರನ್ನೂ ಒಟ್ಟಿಗೇ ಸರಿಮಾಡಿಸಿ. ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಅದು ಅಪ್ಪನ ಹಳೇ ಸಿಮ್ ಆಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇನ್ನು ಹಾಸನವೋ ಬೆಂಗಳೂರೋ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಹೇಳುವಂತೆ ರಾಜ್ಯದೊಳಗಿನ ಯಾವ ಪರವಾನಗಿ ಪ್ರಾಧಿಕಾರಕ್ಕಾದರೂ ಎಲ್‌ಎಲ್ ಅರ್ಜಿ ಹಾಕಬಹುದು. ಎಲ್‌ಎಲ್ ಎಲ್ಲಿಯದೋ ಸಾಮಾನ್ಯವಾಗಿ ಡಿಎಲ್ ಪರೀಕ್ಷೆಯೂ ಅಲ್ಲೇ. ಅವಳು ವಾಹನ ಕಲಿಯುವುದು ಎಲ್ಲಿ, ಪರೀಕ್ಷೆಯ ದಿನ ರಜೆ ಹಾಕದೆ ಹೋಗಲು ಎಲ್ಲಿ ಸುಲಭ ಅನ್ನುವುದನ್ನು ನೋಡಿಯೇ ಆರ್‌ಟಿಒ ಆರಿಸಿ.

ಅರ್ಜಿಯಲ್ಲಿ ಗೇರ್ ಇರುವ ಬೈಕ್, ಕಾರು ಎರಡನ್ನೂ ಈಗಲೇ ಗುರುತು ಮಾಡಿ. ಗೇರ್ ಬೈಕಿನ ಲೈಸೆನ್ಸಿನಲ್ಲಿ ಸ್ಕೂಟರ್ ಓಡಿಸಬಹುದು, ಸ್ಕೂಟರಿನದ್ದರಲ್ಲಿ ಗೇರ್ ಬೈಕ್ ಓಡಿಸುವಂತಿಲ್ಲ. ಕೇಂದ್ರ ನಿಯಮದ ಪ್ರಕಾರ ಎಲ್‌ಎಲ್‌ಗೆ ಪ್ರತಿ ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50; ಎರಡು ವರ್ಗಕ್ಕೆ 350 ಆಯಿತು. ಆರೋಗ್ಯದ ಬಗ್ಗೆ ಫಾರಂ 1ರಲ್ಲಿ ಸ್ವಯಂ ಘೋಷಣೆ ಸಾಕು. ಅದರಲ್ಲಿ ಹಗಲಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲಾಗುತ್ತದೆಯೇ ಎಂಬ ಪ್ರಶ್ನೆ ಇದೆ. ಸುಮ್ಮನೆ ಹೌದು ಅನ್ನದೆ, ಬೀದಿಯಲ್ಲಿ ನಿಂತು ಒಂದು ಸಲ ಓದಿಸಿ ನೋಡಿ.

ಎಲ್‌ಎಲ್ ಪರೀಕ್ಷೆಯನ್ನು ಆಧಾರ್ ದಾರಿಯಲ್ಲಿ ಮನೆಯಿಂದಲೇ, ಕನ್ನಡದಲ್ಲೇ ಬರೆಯಬಹುದು. 60 ಶೇಕಡ ಸರಿ ಉತ್ತರ ಬೇಕು. ಕ್ಯಾಮೆರಾ ಮುಖ ನೋಡುತ್ತಿರುತ್ತದೆ. ಬೆನ್ನ ಹಿಂದೆ ಕಿಟಕಿಯ ಬೆಳಕಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ. ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಡಬೇಡಿ, ದಯವಿಟ್ಟು. ಅದರಲ್ಲಿ ಕೇಳುವ ಸಂಚಾರ ಚಿಹ್ನೆಗಳು ರಸ್ತೆಯಲ್ಲಿ ಅವಳ ಜೀವ ಕಾಯುವಂಥವು.

ಎಲ್‌ಎಲ್ ಕೈಗೆ ಬಂದ ಮೇಲೆ 30 ದಿನ ತುಂಬದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ, 6 ತಿಂಗಳಿಗೆ ಎಲ್‌ಎಲ್‌ನ ಅವಧಿಯೇ ಮುಗಿಯುತ್ತದೆ. ಸ್ಲಾಟ್ ಐದನೇ ತಿಂಗಳಿಗೆ ನೋಡಿಕೊಳ್ಳೋಣ ಅಂದವರು ಹೊಸ ಎಲ್‌ಎಲ್‌ಗೆ ಮತ್ತೆ ದುಡ್ಡು ಕಟ್ಟುತ್ತಾರೆ. 30 ದಿನ ದಾಟುತ್ತಲೇ ಸ್ಲಾಟ್ ಹಿಡಿಯಿರಿ.

ಆ ಅವಧಿಯಲ್ಲಿ ಕಾರಿನಲ್ಲಿ ಪಕ್ಕದಲ್ಲಿ ಡಿಎಲ್ ಇರುವವರು, ಬೇಕಾದರೆ ಗಾಡಿ ನಿಲ್ಲಿಸಬಲ್ಲ ಜಾಗದಲ್ಲಿ ಕೂತಿರಬೇಕು. ಹಿಂದೆ ಮುಂದೆ ‘ಎಲ್’ ಫಲಕ: 18 ಸೆಂಟಿಮೀಟರ್ ಚೌಕ, ಬಿಳಿ ಹಿನ್ನೆಲೆ, ಕೆಂಪು ಅಕ್ಷರ, ಎತ್ತರ ಕನಿಷ್ಠ 10, ದಪ್ಪ 2, ಬುಡದಲ್ಲಿ ಅಗಲ 9. ಗಾಜಿಗೆ ಅಂಟಿಸುವ ಪುಟ್ಟ ಸ್ಟಿಕ್ಕರ್ ಈ ಅಳತೆಗೆ ಬರುವುದಿಲ್ಲ. ಬೈಕಿನಲ್ಲಿ ಹಿಂದೆ ಗೆಳತಿಯನ್ನು ಕೂರಿಸುವಂತಿಲ್ಲ, ಕಲಿಸುವವರು ಮಾತ್ರ ಕೂರಬಹುದು. ಇದನ್ನು ಬರೀ ದಂಡದ ಮಾತು ಅಂದುಕೊಳ್ಳಬೇಡಿ. ಮನೆಯ ಕಾರಿನ ವಿಮಾ ಪಾಲಿಸಿ ತೆಗೆದು ‘ಚಾಲಕ’ ಅನ್ನುವ ಷರತ್ತನ್ನು ಓದಿ: ಎಲ್‌ಎಲ್ ಇರುವವರು ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಅಂತ ಬರೆದಿರುತ್ತದೆ. ಪಕ್ಕದ ಸೀಟು ಖಾಲಿ ಇದ್ದಾಗ ಅಪಘಾತವಾದರೆ ಕ್ಲೇಮು ಕೈಬಿಡಲು ವಿಮೆಯವರಿಗೆ ಆ ಸಾಲೇ ಸಾಕು.

ಅವಳ ತಮ್ಮನಿಗೂ ಸ್ಕೂಟಿ ಕಲಿಸಬಹುದಾ ಅಂತಲೂ ಕೇಳಿದ್ದೀರಿ. 16ಕ್ಕೆ ಎಲ್‌ಎಲ್ ಸಿಗುವುದು 50 ಸಿಸಿ ಒಳಗಿನ ಗಾಡಿಗೆ. ನಿಮ್ಮ ಮನೆಯಲ್ಲಿರುವುದು 110 ಸಿಸಿ. ಅವನು ಅದನ್ನು ರಸ್ತೆಗಿಳಿಸಿ ಅಪರಾಧವಾದರೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ನಿಮಗೆ. ಗಾಡಿಯ ನೋಂದಣಿ 12 ತಿಂಗಳು ರದ್ದು, ಅವನಿಗೆ 25 ತುಂಬುವವರೆಗೆ ಎಲ್‌ಎಲ್ ಇಲ್ಲ. ಕೀಲಿಯನ್ನು ಅವನ ಕೈಗೆ ಸಿಗದಂತೆ ಎತ್ತಿಡಿ.